ಡಾಲ್ ಬಗ್ಗೆ ಬರೆಯುತ್ತಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಫೋನಿನಲ್ಲಿ ಹೇಳಲು ಹೋದರೆ ನಾನೊಂದು ಹೇಳಿ, ನೀನೊಂದು ಕೇಳಿ, ಮಾತು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 13, ಇಂಗ್ಲಿಷಿನಲ್ಲಿ ಮಕ್ಕಳ ಕಥೆಗಳನ್ನು ಬರೆದ ರೋಲ್ಡ್ ಡಾಲ್ ಹುಟ್ಟಿದ ದಿನ. ಮಕ್ಕಳ ಪುರವಣಿಗೆ ಅವನ ಬಗ್ಗೆ ಅರ್ಧ ಪುಟ ಬರೆಯಲು ನಿನಗೆ ಹೇಳಿದ್ದಾರೆ. ಯಹೂದಿಗಳ ಬಗ್ಗೆ ಅವನು ಆಡಿದ ಮಾತುಗಳನ್ನು ಅದರಲ್ಲಿ ಹಾಕಬೇಕಾ ಬೇಡವಾ ಅಂತ ಕೆಲಸ ನಿಂತಿದೆ. ನಿನ್ನ ಮೇಲಿನವರು ‘ಮಕ್ಕಳ ಪುಟ, ಆ ರಗಳೆ ಯಾಕೆ’ ಅಂದಿದ್ದಾರೆ. ಪಕ್ಕದಲ್ಲಿ ಕೂರುವ ಗೆಳತಿ ‘ಅಂಥವನ ಬಗ್ಗೆ ಬರೆಯಲೇಬಾರದು’ ಅಂದಿದ್ದಾಳೆ. ನಿನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿದೆ.

ನನಗೆ ಇಬ್ಬರದೂ ಸರಿ ಅನ್ನಿಸುವುದಿಲ್ಲ. ನೀನು ಅವನ ಬಗ್ಗೆಯೂ ಬರೆ, ಆ ಮಾತುಗಳ ಬಗ್ಗೆಯೂ ಬರೆ. ಶಾಲೆಯ ಲೈಬ್ರರಿಯಲ್ಲಿ ಇಷ್ಟು ವರ್ಷ ಮಕ್ಕಳ ಕೈಗೆ ಅವನ ಪುಸ್ತಕ ಕೊಟ್ಟವಳು ನಾನು. ಹಾಗಾಗಿ ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಓದು.

ಮೊದಲು ಅವನು ಹೇಳಿದ್ದೇನು ಅನ್ನುವುದು ಸರಿಯಾಗಿ ಗೊತ್ತಿರಬೇಕು. 1982ರಲ್ಲಿ ಇಸ್ರೇಲ್ ಸೈನ್ಯ ಲೆಬನಾನಿಗೆ ನುಗ್ಗಿತು. ಬೈರೂತ್ ನಗರಕ್ಕೆ ಮುತ್ತಿಗೆ ಹಾಕಿ ಬಾಂಬ್ ಸುರಿಯಿತು. ಆ ಮುತ್ತಿಗೆಯ ಬಗ್ಗೆ ಬಂದ ಒಂದು ಪುಸ್ತಕಕ್ಕೆ ಡಾಲ್ 1983ರ ಆಗಸ್ಟಿನಲ್ಲಿ ‘ಲಿಟರರಿ ರಿವ್ಯೂ’ ಪತ್ರಿಕೆಯಲ್ಲಿ ವಿಮರ್ಶೆ ಬರೆದ. ಯುದ್ಧದಲ್ಲಿ ಸತ್ತ ಸಾಮಾನ್ಯ ಜನರಿಗಾಗಿ ಅವನಿಗೆ ಸಿಟ್ಟು ಬಂದಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಸರ್ಕಾರವನ್ನು, ಒಂದು ಸೈನ್ಯವನ್ನು ಯಾರು ಬೇಕಾದರೂ ಖಂಡಿಸಬಹುದು. ಆ ಯುದ್ಧದ ವಿರುದ್ಧ ಇಸ್ರೇಲಿನ ಜನರೇ ಟೆಲ್ ಅವೀವ್ ನಗರದಲ್ಲಿ ದೊಡ್ಡ ಪ್ರತಿಭಟನೆ ಮಾಡಿದ್ದರು. ಆದರೆ ಡಾಲ್ ಅಲ್ಲಿಗೆ ನಿಲ್ಲಲಿಲ್ಲ. ಸೈನ್ಯ ಮಾಡಿದ್ದನ್ನು ಇಡೀ ಯಹೂದಿ ಜನಾಂಗದ ತಲೆಗೆ ಕಟ್ಟಿದ.

ಅದೇ ವರ್ಷ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯವರು ಅವನನ್ನು ಮಾತಾಡಿಸಿದರು. ಆಗ ಇನ್ನೂ ಮುಂದೆ ಹೋದ. ಯಹೂದಿಗಳ ಸ್ವಭಾವದಲ್ಲೇ ಬೇರೆಯವರಿಗೆ ದ್ವೇಷ ಹುಟ್ಟಿಸುವ ಏನೋ ಇದೆ, ಹಿಟ್ಲರನಂಥವನೂ ಕಾರಣವಿಲ್ಲದೆ ಅವರ ಮೇಲೆ ಬೀಳಲಿಲ್ಲ ಅನ್ನುವ ಅರ್ಥದ ಮಾತಾಡಿದ. ಇದನ್ನು ಹೇಳಿದವನು ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ವಿರುದ್ಧ ವಿಮಾನ ಹಾರಿಸಿದವನು. ಯುರೋಪಿನ ಯಹೂದಿಗಳಿಗೆ ಏನಾಯಿತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. 1990ರಲ್ಲಿ, ಸಾಯುವ ಕೆಲವು ತಿಂಗಳ ಮುಂಚೆ, ತಾನು ಯಹೂದಿ ವಿರೋಧಿಯೇ ಆಗಿಬಿಟ್ಟಿದ್ದೇನೆ ಅಂತ ಇನ್ನೊಂದು ಪತ್ರಿಕೆಗೆ ತಾನಾಗಿಯೇ ಹೇಳಿದ.

ಅಂದರೆ ಇದು ಎಂದೋ ಒಮ್ಮೆ ಬಾಯಿ ಜಾರಿ ಬಂದ ಮಾತಲ್ಲ. ಯಾರದೋ ಮನೆಯಲ್ಲಿ ಕದ್ದು ಕೇಳಿಸಿಕೊಂಡ ಮಾತೂ ಅಲ್ಲ. ಹೆಸರಾಂತ ಲೇಖಕನೊಬ್ಬ ಪತ್ರಿಕೆಗಳಿಗೆ, ಅಚ್ಚಾಗಲಿ ಅಂತಲೇ ಹೇಳಿದ ಮಾತು. ಅವನ ಬಗ್ಗೆ ಬರೆಯುವಾಗ ಅದನ್ನು ಹೇಳಿದರೆ ಅವನ ಖಾಸಗಿ ಬದುಕಿಗೆ ಕೈ ಹಾಕಿದಂತೆ ಆಗುವುದಿಲ್ಲ.

ಈಗ ನಿನ್ನ ಮೇಲಿನವರ ಮಾತಿಗೆ ಬರುತ್ತೇನೆ. ‘ಪುಸ್ತಕದ ಬಗ್ಗೆ ಬರೆದರೆ ಸಾಕು, ಮನುಷ್ಯನ ವಿಷಯ ನಮಗೆ ಬೇಡ’ ಅಂತ ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ಅವರು ನಿನಗೆ ಕಳಿಸಿದ ಹಳೆಯ ಲೇಖನವನ್ನೇ ಮತ್ತೊಮ್ಮೆ ನೋಡು. ಅದರಲ್ಲಿ ಮುಕ್ಕಾಲು ಭಾಗ ಮನುಷ್ಯನ ವಿಷಯವೇ ಇದೆಯಲ್ಲ. ವೇಲ್ಸ್‌ನಲ್ಲಿ ನಾರ್ವೆಯ ತಂದೆ ತಾಯಿಗೆ ಹುಟ್ಟಿದ್ದು. ಪೈಲಟ್ ಆಗಿದ್ದು. ಲಿಬಿಯಾದ ಮರಳುಗಾಡಿನಲ್ಲಿ ವಿಮಾನ ಬಿದ್ದು ಪೆಟ್ಟಾಗಿದ್ದು. ರೆಪ್ಟನ್ ಶಾಲೆಯಲ್ಲಿ ಓದುವಾಗ ಕ್ಯಾಡ್‌ಬರಿಯವರು ಹೊಸ ಚಾಕೊಲೇಟುಗಳನ್ನು ಹುಡುಗರಿಗೆ ರುಚಿ ನೋಡಲು ಕಳಿಸುತ್ತಿದ್ದದ್ದು. ತೋಟದ ಮೂಲೆಯ ಪುಟ್ಟ ಗುಡಿಸಲಿನಲ್ಲಿ ಕೂತು ಹಳದಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದದ್ದು. ಇದರಲ್ಲಿ ಯಾವುದೂ ಪುಸ್ತಕದೊಳಗಿನ ವಿಷಯವಲ್ಲ. ಮನುಷ್ಯನನ್ನು ಮುಂದೆ ನಿಲ್ಲಿಸಿಯೇ ಎಲ್ಲರೂ ಡಾಲ್ ಪುಸ್ತಕಗಳನ್ನು ಪರಿಚಯ ಮಾಡಿಕೊಡುವುದು.

ಅವನ ಬದುಕಿನಲ್ಲಿ ನಿಜವಾಗಿಯೂ ದೊಡ್ಡ ಕೆಲಸಗಳಿವೆ. ಅವನ್ನು ನೀನು ಬಿಡಬಾರದು. 1960ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅವನ ಪುಟ್ಟ ಮಗ ಥಿಯೋ ಇದ್ದ ತಳ್ಳುಗಾಡಿಗೆ ಟ್ಯಾಕ್ಸಿ ಗುದ್ದಿತು. ಮಗುವಿನ ತಲೆಯಲ್ಲಿ ನೀರು ತುಂಬತೊಡಗಿತು. ನೀರು ಹೊರಗೆ ಹರಿಸಲು ಹಾಕಿದ ಕೊಳವೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಡಾಲ್ ಸುಮ್ಮನೆ ಕೂರಲಿಲ್ಲ. ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರನ್ನೂ ಕೆನೆತ್ ಟಿಲ್ ಎಂಬ ಮೆದುಳಿನ ಸರ್ಜನನ್ನೂ ಸೇರಿಸಿಕೊಂಡು, ಕಟ್ಟಿಕೊಳ್ಳದ ಹೊಸ ವಾಲ್ವ್ ಒಂದನ್ನು ಮಾಡಿಸಿದ. ಅದು ತಯಾರಾಗುವ ಹೊತ್ತಿಗೆ ಥಿಯೋ ಸುಧಾರಿಸಿಕೊಂಡಿದ್ದ. ಆದರೆ ಬೇರೆ ಸಾವಿರಾರು ಮಕ್ಕಳಿಗೆ ಆ ವಾಲ್ವ್ ಹಾಕಲಾಯಿತು.

ಎರಡು ವರ್ಷದ ನಂತರ, 1962ರ ನವೆಂಬರ್‌ನಲ್ಲಿ, ಅವನ ದೊಡ್ಡ ಮಗಳು ಒಲಿವಿಯಾ ದಡಾರ ಬಂದು ತೀರಿಕೊಂಡಳು. ಏಳು ವರ್ಷದ ಹುಡುಗಿ. ದಡಾರ ಮೆದುಳಿಗೆ ಏರಿತ್ತು. ಆಗ ಅದಕ್ಕೆ ಲಸಿಕೆ ಇರಲಿಲ್ಲ. 1986ರಲ್ಲಿ, ಲಸಿಕೆ ಇದ್ದೂ ಹಾಕಿಸದ ಅಪ್ಪ ಅಮ್ಮಂದಿರಿಗೆ ಅವನು ಒಂದು ಪತ್ರ ಬರೆದ. ಮಗಳು ಹಾಸಿಗೆಯಲ್ಲಿ ಹೇಗಿದ್ದಳು, ಎಷ್ಟು ಬೇಗ ಕೈಬಿಟ್ಟು ಹೋದಳು ಅಂತ ಹೇಳಿ, ಲಸಿಕೆ ಹಾಕಿಸಿ ಅಂತ ಕೇಳಿಕೊಂಡ. ಇವತ್ತಿಗೂ ಎಲ್ಲಾದರೂ ದಡಾರ ಹರಡಿದರೆ ಜನ ಆ ಪತ್ರವನ್ನು ಹುಡುಕಿ ಹಂಚುತ್ತಾರೆ. ‘ದ ಬಿಎಫ್‌ಜಿ’ ಅನ್ನುವ, ಒಳ್ಳೆಯ ದೈತ್ಯನೊಬ್ಬನ ಕಥೆ ಇರುವ ಅವನ ಪುಸ್ತಕದ ಮೊದಲ ಪುಟದಲ್ಲಿ ಒಲಿವಿಯಾ ಹೆಸರಿದೆ. ಅದನ್ನು ಓದಿದಾಗಲೆಲ್ಲ ನನಗೆ ನಿನ್ನ ನೆನಪಾಗುತ್ತದೆ.

ಇಷ್ಟೆಲ್ಲ ಹೇಳುತ್ತೇವೆ. ಹೇಳಲೂ ಬೇಕು. ಅದೇ ಮನುಷ್ಯನ 1983ರ ಮಾತು ಬಂದ ಕೂಡಲೇ ‘ಪುಸ್ತಕದ ಬಗ್ಗೆ ಮಾತ್ರ ಮಾತಾಡೋಣ’ ಅನ್ನುವುದು ಹೇಗೆ ಸರಿ? ಒಲಿವಿಯಾಳ ಅಪ್ಪನನ್ನು ಓದುಗರ ಮುಂದೆ ತಂದವರು, ಹಿಟ್ಲರನಿಗೆ ಕಾರಣ ಹುಡುಕಿಕೊಟ್ಟವನನ್ನೂ ತರಬೇಕು. ಇಬ್ಬರೂ ಒಬ್ಬನೇ. ಬದುಕನ್ನು ಪೂರ್ತಿ ಬಿಟ್ಟು ಬರೀ ಪುಸ್ತಕದ ಬಗ್ಗೆ ಬರೆಯುವೆ ಅನ್ನುವವರ ಜತೆ ನನ್ನ ಜಗಳವಿಲ್ಲ. ನಾಳೆ ನಿನಗೆ ಅವನ ‘ಮಟಿಲ್ಡಾ’ ಪುಸ್ತಕವೊಂದನ್ನೇ ಕೊಟ್ಟು, ಇನ್ನೂರು ಪದದಲ್ಲಿ ಮಕ್ಕಳಿಗೆ ಪರಿಚಯಿಸು ಅಂದರೆ, ಮಟಿಲ್ಡಾ ಬಗ್ಗೆ ಬರೆ. ಅವಳ ಟೀಚರ್ ಮಿಸ್ ಹನಿ ಬಗ್ಗೆ ಬರೆ. ಅಲ್ಲಿ 1983 ಬೇಡ. ಹುಟ್ಟುಹಬ್ಬದ ಲೇಖನ ಹಾಗಲ್ಲ. ಅದು ಮನುಷ್ಯನಿಗೆ ಮಾಡುವ ಗೌರವ. ಯಾರಿಗೆ ಗೌರವ ಮಾಡುತ್ತಿದ್ದೇವೆ ಅಂತ ಓದುಗರಿಗೆ ಗೊತ್ತಿರಬೇಕು.

ಬ್ರಿಟನ್ನಿನ ಟಂಕಸಾಲೆಗೂ ಇದೇ ಪ್ರಶ್ನೆ ಬಂದಿತ್ತು. 2016 ಡಾಲ್ ಹುಟ್ಟಿದ ನೂರನೇ ವರ್ಷ. ಅವನ ನೆನಪಿಗೆ ನಾಣ್ಯ ತರುವ ಯೋಚನೆ ಇತ್ತು. ಯಹೂದಿ ದ್ವೇಷದ ಜತೆ ಅವನ ಹೆಸರು ಸೇರಿಕೊಂಡಿದೆ ಅಂತ ಅದನ್ನು ಕೈಬಿಟ್ಟರು. ಅದು 2018ರಲ್ಲಿ ಪತ್ರಿಕೆಗಳಲ್ಲಿ ಬರುವವರೆಗೆ ಹೊರಗೆ ಗೊತ್ತಿರಲಿಲ್ಲ. ನಾಣ್ಯ ಬೇಡ ಅಂದದ್ದು ಅವರ ಇಷ್ಟ. ಕಾರಣವನ್ನು ಜನರಿಗೆ ಆಗಲೇ ಹೇಳದೆ ಇದ್ದದ್ದು ನನಗೆ ಸರಿ ಕಾಣುವುದಿಲ್ಲ. ಆ ಮಾತು ನಡೆಯಬೇಕಾದದ್ದು ಓದುಗರ ನಡುವೆ.

ಅದೇ 2016ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ‘ಬಿಎಫ್‌ಜಿ’ ಸಿನಿಮಾ ಮಾಡಿ ಕಾನ್ ಚಿತ್ರೋತ್ಸವಕ್ಕೆ ಬಂದ. ಡಾಲ್ ಮಾತುಗಳ ಬಗ್ಗೆ ಪತ್ರಕರ್ತರು ಕೇಳಿದಾಗ, ಸಿನಿಮಾಕ್ಕೆ ಕೈ ಹಾಕಿದಾಗ ತನಗೆ ಅದು ಗೊತ್ತಿರಲಿಲ್ಲ ಅಂದ. ಯಹೂದಿ ಮನೆಯಲ್ಲಿ ಹುಟ್ಟಿದವನು, ಹಿಟ್ಲರನ ಕಾಲದ ನರಮೇಧದ ಬಗ್ಗೆಯೇ ದೊಡ್ಡ ಸಿನಿಮಾ ಮಾಡಿದವನು ಅವನು. ಡಾಲ್ ಮಾತು ಅಚ್ಚಾಗಿ ಆಗಲೇ ಮೂವತ್ತು ವರ್ಷ ದಾಟಿತ್ತು. ಅಷ್ಟು ವರ್ಷ ಎಷ್ಟು ಲೇಖನಗಳು ಆ ಮಾತನ್ನು ಪಕ್ಕಕ್ಕೆ ಸರಿಸಿರಬೇಕು ನೋಡು.

ಡಾಲ್ ಮನೆಯವರು ಕ್ಷಮೆ ಕೇಳಿದ್ದು 2020ರಲ್ಲಿ. ಅವನು ಹೋಗಿ 30 ವರ್ಷ ಆದ ಮೇಲೆ. ಅದೂ ತಮ್ಮ ವೆಬ್‌ಸೈಟಿನ ಒಳಗೆ, ಸದ್ದಿಲ್ಲದೆ ಹಾಕಿದ್ದರು. ಪತ್ರಿಕೆಯವರು ನೋಡಿ ಬರೆದ ಮೇಲೆ ಡಿಸೆಂಬರ್‌ನಲ್ಲಿ ಜಗತ್ತಿಗೆ ತಿಳಿಯಿತು. ಮರುವರ್ಷ ನೆಟ್‌ಫ್ಲಿಕ್ಸ್ ಡಾಲ್ ಕಥೆಗಳ ಇಡೀ ಕಂಪನಿಯನ್ನೇ ಕೊಂಡಿತು. ಆ ಹೊತ್ತಿಗೆ ಅವನ ಪುಸ್ತಕಗಳು 30 ಕೋಟಿಗೂ ಹೆಚ್ಚು ಮಾರಾಟವಾಗಿದ್ದವು. ಇಷ್ಟು ದೊಡ್ಡ ಹೆಸರು, ಇಷ್ಟು ದೊಡ್ಡ ವ್ಯಾಪಾರ ಇರುವ ಲೇಖಕನ ಬಗ್ಗೆ ಕಂಪನಿಯವರು ಒಳ್ಳೆಯದನ್ನೇ ಹೇಳುತ್ತಾರೆ. ಅದು ಅವರ ಕೆಲಸ. ಉಳಿದದ್ದನ್ನು ಪತ್ರಿಕೆಯವರೂ ಹೇಳದಿದ್ದರೆ ಯಾರು ಹೇಳಬೇಕು?

ಇನ್ನು ‘ಮಕ್ಕಳ ಪುಟ’ ಅನ್ನುವ ಮಾತು. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಆರು ವರ್ಷದ ಮಗುವಿಗೆ ಇದೆಲ್ಲ ಬೇಡ, ಒಪ್ಪುತ್ತೇನೆ. ಆದರೆ ನಿಮ್ಮ ಪುರವಣಿ ಓದುವವರು ಹತ್ತರಿಂದ ಹದಿನಾಲ್ಕರವರು. ಆ ವಯಸ್ಸಿನವರು ಇತಿಹಾಸದ ಪಾಠದಲ್ಲಿ ಹಿಟ್ಲರನ ಹೆಸರು ಕೇಳುತ್ತಾರೆ. ಮನೆಯಲ್ಲಿ ದೊಡ್ಡವರು ಬೇರೆ ಜಾತಿಯವರ ಬಗ್ಗೆ, ಬೇರೆ ಧರ್ಮದವರ ಬಗ್ಗೆ ಏನು ಮಾತಾಡುತ್ತಾರೆ ಅನ್ನುವುದನ್ನೂ ಕೇಳಿಸಿಕೊಳ್ಳುತ್ತಾರೆ. ‘ಅವರೆಲ್ಲ ಹಾಗೇ’ ಅನ್ನುವ ಮಾತು ಅವರಿಗೆ ಹೊಸದಲ್ಲ. ತಮಗೆ ಇಷ್ಟವಾದ ಲೇಖಕನೂ ಅಂಥ ಮಾತಾಡಿದ್ದ, ಅದು ಸುಳ್ಳು, ಅದರಿಂದ ಜನರಿಗೆ ನೋವಾಯಿತು ಅಂತ ಒಂದು ಪತ್ರಿಕೆ ನೇರವಾಗಿ ಹೇಳಿದರೆ ಅವರು ಕೆಡುವುದಿಲ್ಲ. ಇಂಗ್ಲೆಂಡಿನ ಗ್ರೇಟ್ ಮಿಸೆಂಡೆನ್ ಊರಿನಲ್ಲಿ ಡಾಲ್ ಮ್ಯೂಸಿಯಂ ಇದೆ. ಅಲ್ಲಿಗೆ ಬರುವವರಲ್ಲಿ ಮಕ್ಕಳೇ ಜಾಸ್ತಿ. 2023ರಲ್ಲಿ ಆ ಮ್ಯೂಸಿಯಂ, ಡಾಲ್‌ನ ಯಹೂದಿ ದ್ವೇಷವನ್ನು ಅಲ್ಲಗಳೆಯಲು ಆಗುವುದಿಲ್ಲ ಅಂತ ಒಪ್ಪಿಕೊಂಡು, ಬಾಗಿಲ ಬಳಿಯೇ ಫಲಕ ಹಾಕಿತು. ಅವನ ಹೆಸರಿನ ಮ್ಯೂಸಿಯಮ್ಮೇ ಹಾಕಬಹುದಾದರೆ ನಿಮ್ಮ ಪುರವಣಿಗೆ ಏನು ಅಡ್ಡಿ?

ಈಗ ನಿನ್ನ ಗೆಳತಿಯ ವಿಷಯ. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಒಬ್ಬ ಯಹೂದಿ ಹುಡುಗಿ ಮಟಿಲ್ಡಾಳನ್ನು ಪ್ರೀತಿಸಿ ಓದಿ, ಆಮೇಲೆ ಅದನ್ನು ಬರೆದವನು ತನ್ನ ಜನರ ಬಗ್ಗೆ ಏನು ಹೇಳಿದ್ದ ಅಂತ ತಿಳಿದಾಗ ಹೇಗಾಗಬೇಡ? ನಮಗೂ ಹಾಗೆ ಆಗುವ ಲೇಖಕ ಒಬ್ಬನಿದ್ದಾನೆ. ರುಡ್ಯಾರ್ಡ್ ಕಿಪ್ಲಿಂಗ್. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡೈಯರ್ ಗುಂಡು ಹಾರಿಸಿದ. ಅವನನ್ನು ಹುದ್ದೆಯಿಂದ ಇಳಿಸಿದ ಮೇಲೆ, ಇಂಗ್ಲೆಂಡಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ 1920ರಲ್ಲಿ ಅವನಿಗಾಗಿ ನಿಧಿ ಎತ್ತಿತು. 26 ಸಾವಿರ ಪೌಂಡಿಗೂ ಹೆಚ್ಚು ಸೇರಿತು. ಅದರಲ್ಲಿ 10 ಪೌಂಡ್ ಕಿಪ್ಲಿಂಗನದು. ಮೌಗ್ಲಿಯನ್ನೂ ಬಘೀರನನ್ನೂ ಕೊಟ್ಟವನು, ನಮ್ಮ ಜನರನ್ನು ಕೊಂದವನಿಗೆ ದುಡ್ಡು ಕೊಟ್ಟ.

ಲೈಬ್ರರಿಯಲ್ಲಿ ‘ಜಂಗಲ್ ಬುಕ್’ ಕೊಡುವಾಗ ದೊಡ್ಡ ಮಕ್ಕಳಿಗೆ ನಾನು ಇದನ್ನು ಹೇಳುತ್ತಿದ್ದೆ. ಕೆಲವರು ಸಿಟ್ಟಾದರು. ಕೆಲವರು ನಂಬಲಿಲ್ಲ. ಪುಸ್ತಕವನ್ನು ಯಾರೂ ಓದದೆ ವಾಪಸ್ ಕೊಡಲಿಲ್ಲ. ಒಬ್ಬ ಹುಡುಗ ಮಾತ್ರ ಓದಿ ಮುಗಿಸಿ ಬಂದು, ‘ಟೀಚರ್, ಕಾಡಿನ ಕಾನೂನು ಅಂತ ಇಷ್ಟೊಂದು ಬರೆದವನಿಗೆ ಗುಂಡು ಹಾರಿಸಿದ್ದು ತಪ್ಪು ಅಂತ ಹೇಗೆ ಗೊತ್ತಾಗಲಿಲ್ಲ?’ ಅಂತ ಕೇಳಿದ. ಒಳ್ಳೆಯ ವಿಮರ್ಶಕರು ಕೇಳುವ ಪ್ರಶ್ನೆ ಅದು. ಆ ಹಣದ ವಿಷಯ ಗೊತ್ತಿರದಿದ್ದರೆ ಅವನಿಗೆ ಅದು ಹೊಳೆಯುತ್ತಿರಲಿಲ್ಲ. ಪುಸ್ತಕವನ್ನೇ ಕೊಡದೆ ಇದ್ದಿದ್ದರೂ ಹೊಳೆಯುತ್ತಿರಲಿಲ್ಲ. ಡಾಲ್ ಬಗ್ಗೆ ಬರೆಯಲೇಬಾರದು ಅನ್ನುವ ನಿನ್ನ ಗೆಳತಿಗೆ ಇದನ್ನು ಹೇಳು.

ಮೂರನೆಯ ದಾರಿಯೊಂದನ್ನು ಪ್ರಕಾಶಕರು ಹಿಡಿದರು. ಮೂರರಲ್ಲಿ ನನಗೆ ತೀರಾ ಬೇಸರ ತರಿಸುವುದು ಅದೇ. 2023ರ ಫೆಬ್ರವರಿಯಲ್ಲಿ, ಡಾಲ್ ಪುಸ್ತಕಗಳ ಹೊಸ ಮುದ್ರಣದಲ್ಲಿ ಪಫಿನ್ ಪ್ರಕಾಶನ ನೂರಾರು ಕಡೆ ಮಾತು ಬದಲಿಸಿದೆ ಅಂತ ಸುದ್ದಿಯಾಯಿತು. ದಪ್ಪ ಅನ್ನುವ ಪದ ತೆಗೆದರು, ಕುರೂಪಿ ಅನ್ನುವುದನ್ನು ತೆಗೆದರು. ಸಲ್ಮಾನ್ ರಶ್ದಿ ಕೂಡ ಇದು ಅಸಂಬದ್ಧ ಸೆನ್ಸಾರ್ ಅಂತ ಬೈದ. ಕೆಲವೇ ದಿನದಲ್ಲಿ ಪಫಿನ್‌ನವರು ಹಳೆಯ ರೂಪದ ಪುಸ್ತಕಗಳನ್ನೂ ಮಾರುವುದಾಗಿ ಹೇಳಿದರು. ಆ ಬದಲಾವಣೆಗಳಲ್ಲಿ ಒಂದು ಹೀಗಿತ್ತು. ಮೂಲದಲ್ಲಿ ಮಟಿಲ್ಡಾ ಪುಸ್ತಕ ಓದುತ್ತಾ ಕಿಪ್ಲಿಂಗ್ ಜತೆ ಇಂಡಿಯಾಕ್ಕೆ ಹೋಗುತ್ತಾಳೆ. ಹೊಸದರಲ್ಲಿ ಅಮೆರಿಕದ ಲೇಖಕ ಸ್ಟೈನ್‌ಬೆಕ್ ಜತೆ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಾಳೆ. ಕಿಪ್ಲಿಂಗ್ ಮಾಯವಾದ. ಅವನ ಜತೆ ಇಂಡಿಯಾವೂ ಮಾಯವಾಯಿತು. ಇದರಿಂದ ಡೈಯರ್ ಬಗ್ಗೆ ಒಂದು ಮಗುವಿಗಾದರೂ ಏನಾದರೂ ತಿಳಿಯಿತಾ? ಡಾಲ್ ಯಹೂದಿಗಳ ಬಗ್ಗೆ ಆಡಿದ ಮಾತಿಗೆ ಇದರಿಂದ ಏನಾದರೂ ಪರಿಹಾರವಾಯಿತಾ? ಓದುಗರಿಗೆ ತಿಳಿಸಬೇಕಾದದ್ದನ್ನು ತಿಳಿಸದೆ, ಪುಸ್ತಕಕ್ಕೆ ಕತ್ತರಿ ಹಾಕಿದರು ಅಷ್ಟೇ.

ಲೇಖಕನೇ ತನ್ನ ಪುಸ್ತಕ ತಿದ್ದಿದರೆ ಅದು ಬೇರೆ ಮಾತು. ಡಾಲ್ ಒಮ್ಮೆ ತಿದ್ದಿದ್ದ. 1964ರ ‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ಯಲ್ಲಿ ಕಾರ್ಖಾನೆಯಲ್ಲಿ ದುಡಿಯುವ ಊಂಪಾ ಲೂಂಪಾಗಳು ಆಫ್ರಿಕಾದ ಕಾಡಿನಿಂದ ಪೆಟ್ಟಿಗೆಯಲ್ಲಿ ತುಂಬಿ ತಂದ ಕುಳ್ಳ ಕಪ್ಪು ಜನ. ಕೂಲಿಗೆ ಬದಲು ಅವರಿಗೆ ಕೋಕೋ ಬೀಜ. ಅಮೆರಿಕದ ಕಪ್ಪು ಜನರ ಸಂಘಟನೆಯವರು, ವಿಮರ್ಶಕರು ಇದನ್ನು ಎತ್ತಿ ಆಡಿದರು. 1973ರ ಮುದ್ರಣದಲ್ಲಿ ಡಾಲ್ ಅವರನ್ನು ಬೇರೆ ಥರದವರನ್ನಾಗಿ ಮಾಡಿದ. ನೋಡು, ಪತ್ರಿಕೆಗಳಲ್ಲಿ ಜನ ಬಾಯಿಬಿಟ್ಟು ಹೇಳಿದ್ದಕ್ಕೇ ಅದು ಬದಲಾದದ್ದು. ಸುಮ್ನೆ ಇದ್ದಿದ್ದರೆ ಹಾಗೇ ಉಳಿಯುತ್ತಿತ್ತು.

ನಮ್ಮ ಕಡೆಯೂ ಇಂಥ ಜಗಳ ನಡೆದಿದೆ ಅಂತ ನೀನು ಭೈರಪ್ಪನವರ ಹೆಸರು ಎತ್ತಿದ್ದೆ. 2007ರಲ್ಲಿ ‘ಆವರಣ’ ಬಂದಾಗಿನ ವಾದಗಳನ್ನು, 2025ರಲ್ಲಿ ಅವರು ತೀರಿಕೊಂಡಾಗ ಜನ ಬರೆದದ್ದನ್ನು ನಾನೂ ಓದಿದ್ದೇನೆ. ಆದರೆ ಅಲ್ಲಿಯ ಪ್ರಶ್ನೆ ಬೇರೆ. ‘ಆವರಣ’ದಲ್ಲಿ ಇತಿಹಾಸದ ಬಗ್ಗೆ ಒಂದು ನಿಲುವು ಕಾದಂಬರಿಯ ಒಳಗೇ ಇದೆ. ಒಪ್ಪುವವರೂ ಒಪ್ಪದವರೂ ಅದನ್ನು ಬಿಟ್ಟು ವಿಮರ್ಶೆ ಬರೆಯಲು ಆಗುವುದೇ ಇಲ್ಲ. ಡಾಲ್‌ನದು ಪುಸ್ತಕದ ಹೊರಗಿನ ಮಾತು. ಅದಕ್ಕೇ ನಿನಗೆ ಇಷ್ಟು ಯೋಚನೆ ಬಂದಿರುವುದು. ಎರಡನ್ನೂ ಒಂದೇ ಅಂತ ಹಿಡಿಯಬೇಡ.

ಹೊರಗಿನ ಮಾತನ್ನು ಪುಸ್ತಕದೊಳಕ್ಕೆ ಬಲವಂತವಾಗಿ ತುರುಕಲೂ ಹೋಗಬೇಡ. ಅವನ ಮಾಟಗಾತಿಯರಲ್ಲಿ, ರಾಕ್ಷಸರಲ್ಲಿ ಯಹೂದಿ ದ್ವೇಷ ಅಡಗಿದೆ ಅಂತ ಹುಡುಕುವವರಿದ್ದಾರೆ. ನಿನಗೆ ಓದುವಾಗ ನಿಜವಾಗಿ ಕಂಡರೆ ಬರೆ. ಕಾಣದಿದ್ದರೆ ಬೇಡ. ಆ ಮಾತೇ ಸಾಕಷ್ಟು ಕೆಟ್ಟದ್ದು. ಅದಕ್ಕೆ ಬೇರೆ ಸಾಕ್ಷಿ ಸೇರಿಸುವ ಅಗತ್ಯವಿಲ್ಲ.

ಹೇಗೆ ಬರೆಯಬೇಕು ಅಂತಲೂ ಕೇಳಿದ್ದೀಯಲ್ಲ. ‘ಅವರ ಕೆಲವು ಹೇಳಿಕೆಗಳು ವಿವಾದಕ್ಕೆ ಕಾರಣವಾಗಿದ್ದವು’ ಅಂತ ಮಾತ್ರ ಬರೆಯಬೇಡ. ಓದಿದ ಮಗುವಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಏನು ಹೇಳಿದ, ಯಾವಾಗ ಹೇಳಿದ, ಯಾಕೆ ತಪ್ಪು, ಅಷ್ಟನ್ನು ನೇರವಾಗಿ ಹೇಳು. ಲೇಖನದ ತಲೆಯ ಮೇಲೂ ಕೂರಿಸಬೇಡ, ಕೊನೆಯಲ್ಲಿ ಬಾಲದ ಹಾಗೆ ಅಂಟಿಸಲೂ ಬೇಡ. ಅವನ ಬದುಕನ್ನು ವರ್ಷದ ಪ್ರಕಾರ ಹೇಳುತ್ತಾ ಬಾ. 1960ಕ್ಕೆ ವಾಲ್ವ್ ಕಥೆ, 1962ಕ್ಕೆ ಒಲಿವಿಯಾ, 1983ಕ್ಕೆ ಇದು, 1988ಕ್ಕೆ ಮಟಿಲ್ಡಾ. ತನ್ನ ಜಾಗದಲ್ಲಿ ಬಂದರೆ ಮಕ್ಕಳು ತಾವೇ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಡಾಲ್ ಯಹೂದಿ ಜನರ ಬಗ್ಗೆ ಕೆಟ್ಟ ಮಾತುಗಳನ್ನೂ ಆಡಿದ್ದ. ಹಿಟ್ಲರ್ ಅವರನ್ನು ದ್ವೇಷಿಸಲು ಅವರ ಸ್ವಭಾವವೇ ಕಾರಣ ಅನ್ನುವ ಅರ್ಥದಲ್ಲಿ 1983ರಲ್ಲಿ ಒಂದು ಪತ್ರಿಕೆಗೆ ಹೇಳಿದ. ಅದು ಸುಳ್ಳು, ಮತ್ತು ಕ್ರೂರ. ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಅವರಲ್ಲಿ ನಿಮ್ಮ ವಯಸ್ಸಿನವರೂ, ನಿಮಗಿಂತ ಚಿಕ್ಕವರೂ ಇದ್ದರು. ಡಾಲ್ ತೀರಿಕೊಂಡು 30 ವರ್ಷದ ನಂತರ ಅವನ ಮನೆಯವರು ಈ ಮಾತುಗಳಿಗಾಗಿ ಕ್ಷಮೆ ಕೇಳಿದರು.’

ಇಷ್ಟೇ. ಇದನ್ನು ನಿನ್ನ ಮೇಲಿನವರಿಗೆ ತೋರಿಸು. ‘ರಗಳೆ’ ಅಂತ ಅವರು ಅಂದುಕೊಂಡಿರುವುದು ಕೆಲವೇ ಸಾಲು ಅಂತ ನೋಡಿದರೆ ಮನಸ್ಸು ಬದಲಾದರೂ ಆಗಬಹುದು. ಅಚ್ಚಾದ ಮೇಲೆ ಯಾರಾದರೂ ಅಪ್ಪ ಅಮ್ಮ ಫೋನ್ ಮಾಡಿ ಬೈದರೆ, ಸಮಾಧಾನವಾಗಿ ಮಾತಾಡು. ಮಕ್ಕಳಿಂದ ಪತ್ರ ಬಂದರೆ ಒಂದನ್ನೂ ಬಿಡದೆ ಉತ್ತರ ಬರೆ. ಡಾಲ್ ಪುಸ್ತಕ ಇನ್ನು ಓದಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಓದಬಹುದು ಅಂತ ಹೇಳು, ಓದಿ ಏನನ್ನಿಸಿತು ಅಂತ ಮತ್ತೆ ಬರೆಯಲು ಹೇಳು.

ಅರ್ಧ ಪುಟಕ್ಕೆ ಎಲ್ಲ ಹಿಡಿಸುವುದಿಲ್ಲ ಅಂತ ನೀನು ಹೇಳುವುದು ಗೊತ್ತು. ಕ್ಯಾಡ್‌ಬರಿ ಕಥೆ ಎಲ್ಲರಿಗೂ ಗೊತ್ತಿರುವುದೇ, ಅದನ್ನು ತೆಗೆ. ಪೆನ್ಸಿಲಿನ ವಿಷಯವನ್ನೂ ತೆಗೆಯಬಹುದು. ಒಲಿವಿಯಾಳನ್ನು ತೆಗೆಯಬೇಡ, ಆ ಸಾಲುಗಳನ್ನೂ ತೆಗೆಯಬೇಡ. ಬರೆದಾದ ಮೇಲೆ ನನಗೊಮ್ಮೆ ಕಳಿಸು, ಓದಿ ರಾತ್ರಿಯೇ ಫೋನ್ ಮಾಡುತ್ತೇನೆ.

ನಿನ್ನ
ಅಮ್ಮ